ಗುರುತು ಮರೆತ ಕಂಪ್ಯೂಟರ್

ವನಮಾಲಾ ಟೀಚರ್ ಮನೆಯ ಕಂಪ್ಯೂಟರ್ ಬೆಳಿಗ್ಗೆ ಅಪ್‌ಡೇಟ್ ಮುಗಿಸಿ ಎದ್ದಿತು. ಒಂಬತ್ತಕ್ಕೆ ಶಾಲೆಯಲ್ಲಿ ಕಿರುಪರೀಕ್ಷೆ. ಟೀಚರ್ ಪ್ರಶ್ನೆಪತ್ರಿಕೆಗೆ ಪ್ರಿಂಟ್ ಕೊಟ್ಟರೆ, "ಈ ಪ್ರಿಂಟರ್ ಯಾರೋ ನನಗೆ ಗೊತ್ತಿಲ್ಲ" ಎಂದುಬಿಟ್ಟಿತು ಕಂಪ್ಯೂಟರ್.

ಪಕ್ಕದಲ್ಲೇ ಇದ್ದ ಪ್ರಿಂಟರ್ ಕೆರಳಿತು. "ಎಂಟು ವರ್ಷದಿಂದ ನೀನು ಹೇಳಿದ್ದನ್ನೆಲ್ಲ ಅಚ್ಚು ಹಾಕಿದ್ದೇನೆ. ನಿನ್ನೆ ಸಂಜೆಯವರೆಗೂ ಗೊತ್ತಿದ್ದ ನಾನು ಇವತ್ತು ಯಾರೋ ಆಗಿಬಿಟ್ಟೆನೇ?"

"ನಿನ್ನೆಯ ಮಾತು ನಿನ್ನೆಗೆ. ನಾನೀಗ ಹೊಸಬ," ಎಂದಿತು ಕಂಪ್ಯೂಟರ್.

ಟೀಚರ್ ಇವೆರಡನ್ನೂ ಜೋಡಿಸುವ ವೈಫೈ ರೂಟರನ್ನು ಆಫ್ ಮಾಡಿ ಆನ್ ಮಾಡಿದರು. ಮತ್ತೂ ಒಮ್ಮೆ ಮಾಡಿದರು. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೇ?" ಎಂದು ರೂಟರ್ ಸಿಡುಕಿತು. "ನಾನೇನೂ ದಾರಿ ಮುಚ್ಚಿಲ್ಲ ತಾಯಿ, ಮರೆತದ್ದು ಅದು!"

ಕೊನೆಗೆ ಟೀಚರ್ ಕಂಪ್ಯೂಟರಿನ ಪಟ್ಟಿಯಿಂದ ಪ್ರಿಂಟರಿನ ಹೆಸರು ಅಳಿಸಿ, ಅದನ್ನೇ ಹೊಸದಾಗಿ ಸೇರಿಸಿದರು. ಆಗ ಕಂಪ್ಯೂಟರ್ ದೊಡ್ಡ ಮನಸ್ಸು ಮಾಡಿದಂತೆ, "ಬಾ, ನಿನ್ನನ್ನು ಸೇರಿಸಿಕೊಂಡಿದ್ದೇನೆ. ಮೊದಲು ಒಂದು ಹಾಳೆ ಅಚ್ಚು ಹಾಕಿ ತೋರಿಸು, ನಿನಗೆ ಕೆಲಸ ಬರುತ್ತದೋ ಇಲ್ಲವೋ ನೋಡೋಣ" ಎಂದಿತು.

ಪ್ರಿಂಟರ್ ಹಾಳೆಯನ್ನು ರಪ್ಪನೆ ಒಳಗೆಳೆದುಕೊಂಡು ಗುಡುಗಿತು: "ಮರೆತದ್ದು ನೀನು, ಪರೀಕ್ಷೆ ನನಗೆ!"