ಬಿರುಕು ಮುಚ್ಚಿದ ಬಿಸಿನೀರು

ಕಡಲ ತಳದ ಕೆಳಗೆ ಒಂದು ಕರಿಬಂಡೆ ಬಿರುಕು ಬಿಟ್ಟಿತ್ತು. ಆಳದಿಂದ ಬಿಸಿನೀರು ಅದರೊಳಗೆ ನುಗ್ಗಿದಾಗ ಬಂಡೆ ಸಿಡುಕಿತು: "ಕಳ್ಳ! ಒಡೆದ ಮೈಯನ್ನೂ ಕರಗಿಸಿ ಒಯ್ಯುತ್ತೀಯಾ?"

"ಕೆಳಗೆ ಕಲ್ಲು ಕರಗಿಸಿದ್ದು ನಿಜ," ಎಂದಿತು ನೀರು. "ಆದರೆ ಮೇಲೇರಿ ತಣ್ಣಗಾಗುತ್ತ ಹೋದಂತೆ ಅದನ್ನು ಹೊರಲಾರೆ. ಇಲ್ಲೇ ಇಳಿಸಿ ಹೋಗುತ್ತೇನೆ."

ಹಾದುಹೋದಾಗಲೆಲ್ಲ ಅದು ಬಿರುಕಿಗೆ ಬಿಳಿ ಹರಳಿನ ತೆಳು ಪದರ ಹಚ್ಚಿತು. ಯುಗಗಳು ಕಳೆದು ಬಿರುಕು ತುಂಬಿತು. ಆಮೇಲೊಮ್ಮೆ ಕಡಲ ತಳವೇ ನಡುಗಿತು. ಪಕ್ಕದ ಬಂಡೆ ಸೀಳಿಹೋಯಿತು, ಈ ಬಂಡೆ ಅಲುಗಲಿಲ್ಲ.

"ನನಗಾಗಿ ನಿನ್ನ ದಾರಿಯನ್ನೇ ಮುಚ್ಚಿಕೊಂಡೆಯಲ್ಲ," ಎಂದಿತು ಬಂಡೆ ಮೆತ್ತಗೆ. "ಇನ್ನು ಕಡಲು ಸೇರುವುದು ಹೇಗೆ?"

"ಪಕ್ಕದ ಬಂಡೆಯಲ್ಲಿ ಈಗ ದಾರಿಯಿದೆ."

"ಅದೂ ನಿನ್ನನ್ನು ಕಳ್ಳ ಅಂತ ಬೈಯುತ್ತದೆ."

"ಬೈಯಲಿ. ಬೈದು ಮುಗಿಸುವಷ್ಟರಲ್ಲಿ ಅದರ ಬಿರುಕೂ ಕೂಡಿರುತ್ತದೆ."