ಮೂರನೆಯ ಸಲ ಹಾಡಿದ ಪದ

"ಗುರುಗಳೇ, ಹಾಡನ್ನು ಪೂರ್ತಿಯಾಗಿ ಕೇಳಬೇಕಾದರೆ ಏನು ಬೇಕು?" ಎಂದು ಶಿಷ್ಯ ಮಡಿವಾಳಯ್ಯ ಕೇಳಿದ.

ಗುರುಗಳು ಪಾಠ ಮುಗಿಸಿ ತಂಬೂರಿಗೆ ಗವಸು ಹಾಕುತ್ತಿದ್ದರು. ಬೆಳಗಿನಿಂದ ಆರು ಮಂದಿಗೆ ಒಂದೇ ಸ್ವರವನ್ನು ತಿದ್ದಿ ದಣಿದಿದ್ದರು. "ಯಾಕೆ ಈ ಪ್ರಶ್ನೆ?" ಎಂದರು.

"ಇಷ್ಟು ದಿನ ಫೋನಿಗೆ ಬಂದ ಹಾಡುಗಳನ್ನು ಅಗ್ಗದ ಇಯರ್‌ಫೋನಿನಲ್ಲಿ ಕೇಳುತ್ತಿದ್ದೆ. ಮೊನ್ನೆ ಗೆಳೆಯನೊಬ್ಬನ ಮನೆಯಲ್ಲಿ ಅದೇ ಹಾಡನ್ನು, ಕುಗ್ಗಿಸದ ಫೈಲಿನಿಂದ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ತಂಬೂರಿಯ ನಾಲ್ಕು ತಂತಿಗಳೂ ಬೇರೆಬೇರೆಯಾಗಿ ಕೇಳಿಸಿದವು. ಹನ್ನೊಂದು ವರ್ಷ ನಾನು ಅರ್ಧ ಹಾಡನ್ನೇ ಕೇಳಿದೆನಲ್ಲ ಎನಿಸಿ ಮನಸ್ಸು ಕುಗ್ಗಿಹೋಯಿತು. ಒಳ್ಳೆಯದೊಂದನ್ನು ಕೊಂಡರೆ ಉಳಿದರ್ಧ ಸಿಕ್ಕೀತೇ?"

"ನೀನು ಹೇಳಿದ್ದು ಸುಳ್ಳಲ್ಲ. ಒಳ್ಳೆಯ ಉಪಕರಣದಲ್ಲಿ ಹೆಚ್ಚು ಕೇಳಿಸುತ್ತದೆ," ಎಂದರು ಗುರುಗಳು. "ಒಬ್ಬ ಧ್ವನಿಮುದ್ರಕನ ಸಂಗತಿ ಹೇಳುತ್ತೇನೆ, ಕೂತುಕೋ."

ಒಂದು ಊರಿನಲ್ಲಿ ಒಬ್ಬ ಧ್ವನಿಮುದ್ರಕನಿದ್ದ. ಹಾಡುವವರು ಅವನಲ್ಲಿಗೆ ಬಂದು ಹಾಡಿ, ಹಾಡನ್ನು ಮುದ್ರಿಸಿಕೊಂಡು ಹೋಗುತ್ತಿದ್ದರು. ಹೊರಗಿನ ಸದ್ದು ಬಾರದಂತೆ ಕೋಣೆಯ ನಾಲ್ಕು ಗೋಡೆಗೂ ಹಳೆಯ ಕೌದಿಗಳನ್ನು ಹೊಡೆದಿದ್ದ. ಅವನ ಕಿವಿ ಬಹಳ ಚುರುಕು. ಪಕ್ಕದ ಮನೆಯ ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಎಂಬುದನ್ನು ಕೂತಲ್ಲಿಂದಲೇ ಹೇಳುತ್ತಿದ್ದ. ಅವನ ಹೆಡ್‌ಫೋನಿನಂಥದು ಆ ಸೀಮೆಯಲ್ಲಿ ಇನ್ನೊಬ್ಬರ ಬಳಿ ಇರಲಿಲ್ಲ.

ಒಂದು ದಿನ ಒಬ್ಬ ತತ್ವಪದದ ಗಾಯಕ ಬಂದ. ವಯಸ್ಸು ಐವತ್ತರ ಹತ್ತಿರ. ಏಕತಾರಿ ಮೀಟುತ್ತ ಒಂದು ಪದ ಹಾಡಿದ. ಮೊದಲ ಸಲ ಬೀದಿಯಲ್ಲಿ ಲಾರಿ ಹೋಗಿ ಕೆಟ್ಟಿತು. ಎರಡನೆಯ ಸಲ ಚೆನ್ನಾಗಿಯೇ ಬಂತು. ಆದರೆ ಸಾಲು ಸಾಲಿನ ನಡುವೆ ಧ್ವನಿಮುದ್ರಕನಿಗೆ ಒಂದು ಸಣ್ಣ ಸದ್ದು ಕೇಳಿಸಿತು. ಒಣ ಎಲೆಯ ಮೇಲೆ ಏನೋ ಹರಿದಂತೆ. ಅವನು ಮೈಕಿನ ತಂತಿ ಬದಲಿಸಿದ. ಫ್ಯಾನು ನಿಲ್ಲಿಸಿದ. ಸದ್ದು ಹೋಗಲಿಲ್ಲ. ಕೊನೆಗೆ ಅದು ಗಾಯಕನ ಎದೆಯಿಂದ ಬರುತ್ತಿದೆ ಎಂದು ತಿಳಿಯಿತು.

ಮೈಕನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿ, "ಇನ್ನೊಂದು ಸಲ ಹಾಡಿಬಿಡಿ," ಎಂದ.

ಗಾಯಕ ನೀರು ಕುಡಿದ. "ಸ್ವಲ್ಪ ಗೋಡೆಗೆ ಒರಗಿಕೊಳ್ಳಲೇ?" ಎಂದ.

"ಒರಗಿದರೆ ದನಿ ಬದಲಾಗುತ್ತದೆ. ಇದೊಂದು ಸಲ ನೆಟ್ಟಗೆ ಕೂತು ಮುಗಿಸಿಬಿಡಿ."

ಗಾಯಕ ನೆಟ್ಟಗೆ ಕೂತು ಮೂರನೆಯ ಸಲ ಹಾಡಿದ. ಸದ್ದು ಪೂರ್ತಿ ಹೋಗಿರಲಿಲ್ಲ, ಆದರೂ ಏಕತಾರಿಯ ನಾದದ ಅಡಿಗೆ ಸರಿದಿತ್ತು. ಇಷ್ಟು ಸಾಕು ಎಂದುಕೊಂಡು ಧ್ವನಿಮುದ್ರಕ ಯಂತ್ರ ನಿಲ್ಲಿಸಿದ. ಗಾಯಕ ಏಕತಾರಿಯನ್ನು ಹೆಗಲಿಗೆ ಹಾಕಿಕೊಂಡು, ಬಾಗಿಲಲ್ಲಿ ಒಂದು ಗಳಿಗೆ ನಿಂತು, ಹೋದ.

ಐದು ತಿಂಗಳಿಗೆ ಗಾಯಕ ತೀರಿಕೊಂಡ. ಶ್ವಾಸಕೋಶ ಕೆಟ್ಟಿತ್ತು. ನಾಲ್ಕೈದು ತಿಂಗಳು ಮೊದಲು ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ವೈದ್ಯರು ಹೇಳಿದರು. ಆ ಮಾತು ಅವನ ಹೆಂಡತಿಯ ತಲೆಯ ಮೇಲೆ ಬಿತ್ತು. ಒಂದೇ ಸೂರಿನಡಿ ಇದ್ದವಳಿಗೆ ಗಂಡನ ಎದೆಯ ಸದ್ದು ತಿಳಿಯಲಿಲ್ಲವೇ ಎಂದು ಅತ್ತೆ ಅಂದಳು, ಮೈದುನ ಅಂದ, ಮಣ್ಣಿಗೆ ಬಂದ ನೆಂಟರೂ ಅಂದರು. ಅವಳಿಗೆ ತಿಳಿದಿರಲಿಲ್ಲ, ನಿಜ. ಒಳಗೆ ಸೆಕೆ ಎಂದು ಗಂಡ ಎಷ್ಟೋ ದಿನದಿಂದ ಜಗುಲಿಯಲ್ಲಿ ಮಲಗುತ್ತಿದ್ದ. ಯಾಕೆಂಬುದು ಅವನು ಹೋದ ಮೇಲೆ ಅವಳಿಗೆ ಹೊಳೆಯಿತು.

ಸುದ್ದಿ ತಿಳಿದು ಧ್ವನಿಮುದ್ರಕ ಮಾತಾಡಿಸಲು ಹೋದ. ಅತ್ತೆ ಅವನ ಎದುರಿಗೇ ಸೊಸೆಯನ್ನು ಅಂದಳು. ಸೊಸೆ ತಲೆ ತಗ್ಗಿಸಿ ಕೂತಿದ್ದಳು. ಅವನು ಚಹಾ ಕುಡಿದು, ಕೈಮುಗಿದು, ಎದ್ದು ಬಂದ. ಬಂದವನು ಆ ಪದವನ್ನು ಆದಷ್ಟು ಚಿಕ್ಕ ಫೈಲು ಮಾಡಿ ಅವಳ ಫೋನಿಗೆ ಕಳಿಸಿದ. ಫೈಲು ಕುಗ್ಗಿಸುವ ಯಂತ್ರ, ದೊಡ್ಡ ದನಿಯ ಮರೆಯಲ್ಲಿರುವ ಸಣ್ಣ ದನಿಗಳನ್ನು ಮೊದಲು ತೆಗೆಯುತ್ತದೆ. ಇವು ಯಾರ ಕಿವಿಗೂ ಬೀಳುವುದಿಲ್ಲ ಎಂದು ಲೆಕ್ಕ ಹಾಕಿ ತೆಗೆಯುತ್ತದೆ. ಅದು ಅವನಿಗೆ ಗೊತ್ತಿತ್ತು.

ಅವಳು ಆರು ವರ್ಷ ಅದನ್ನೇ ಕೇಳಿದಳು. ಹೊಲಿಗೆ ಯಂತ್ರದ ಮುಂದೆ ಕೂತಾಗ ಕೇಳಿದಳು, ಜೋಳ ಹಸನು ಮಾಡುವಾಗ ಕೇಳಿದಳು. ಇಯರ್‌ಫೋನಿನ ಒಂದು ಕಿವಿ ಸತ್ತುಹೋಗಿತ್ತು. ಇನ್ನೊಂದರಲ್ಲಿಯೇ ಕೇಳಿದಳು. ಅದೂ ನಿಂತಾಗ ಹೊಸದು ತರಲು ಅಂಗಡಿಗೆ ಹೋದಳು. ಹೊಸದರಲ್ಲಿ ಕೇಳಿದರೆ ಗಂಡನ ದನಿ ನೀರಿನಲ್ಲಿ ನೆನೆದಂತೆ ಕಲಸಿಕೊಂಡಿತ್ತು. "ಇದೂ ಸರಿಯಿಲ್ಲ," ಎಂದಳು. ಅಂಗಡಿಯವನು ತಾನೂ ಕೇಳಿ ನೋಡಿ, "ಅವ್ವಾ, ಇದರ ತಪ್ಪಲ್ಲ. ಹಾಡನ್ನೇ ಹಿಂಡಿ ಕಳಿಸಿದ್ದಾರೆ. ಮುದ್ರಿಸಿಕೊಂಡವರ ಹತ್ತಿರ ಪೂರ್ತಿಯಿದ್ದೀತು, ಹೋಗಿ ಕೇಳು," ಎಂದ.

ಅವಳು ಎರಡು ಬಸ್ಸು ಬದಲಿಸಿ ಧ್ವನಿಮುದ್ರಕನ ಬಾಗಿಲಿಗೆ ಬಂದಳು. ಅಳಿಸಿಹೋಗಿದೆ ಎನ್ನಲು ಅವನು ಬಾಯಿ ತೆರೆದ. ಆದರೆ ಆರು ವರ್ಷ ಆ ಗುಟ್ಟನ್ನು ಹೊತ್ತು ಅವನೂ ಬಳಲಿದ್ದ. ಒಳಗೆ ಕರೆದು ಕೂರಿಸಿದ. ತನ್ನ ಹೆಡ್‌ಫೋನನ್ನು ತಾನೇ ಅವಳ ಕಿವಿಗಿಟ್ಟ. ಮೂರನೆಯ ಸಲ ಹಾಡಿದ ಪದವನ್ನು, ಇದ್ದದ್ದು ಇದ್ದ ಹಾಗೆ, ಹಾಕಿದ.

ಮೊದಲು ಅವಳ ಮುಖ ಅರಳಿತು. ತಂತಿಗೆ ಬೆರಳು ತಾಗುವ ಸದ್ದೂ ಕೇಳಿಸುತ್ತದಲ್ಲ ಎಂದಳು. ಮೊಣಕಾಲಿನ ಮೇಲೆ ತಾಳ ಹಾಕಿದಳು. ಎರಡನೆಯ ನುಡಿ ಮುಗಿಯುವಾಗ ತಾಳ ನಿಂತಿತು. ಪದ ಮುಗಿಯಿತು. ಇನ್ನೊಮ್ಮೆ ಹಾಕು ಎಂದು ಕೈಸನ್ನೆ ಮಾಡಿದಳು. ಹಾಕಿದ. ನಾಲ್ಕು ಸಲ ಕೇಳಿದಳು. ಆಮೇಲೆ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಅವತ್ತು ಇದು ನಿಮ್ಮ ಕಿವಿಗೆ ಬಿದ್ದಿತ್ತಾ?"

"ಬಿದ್ದಿತ್ತು."

"ಏನು ಮಾಡಿದಿರಿ?"

"ಮೈಕನ್ನು ಹಿಂದಕ್ಕೆ ಸರಿಸಿದೆ."

ಅವಳು ಬೈಯಲಿಲ್ಲ, ಅಳಲಿಲ್ಲ. ಎದ್ದು ಚೀಲ ಎತ್ತಿಕೊಂಡು, "ಆರು ವರ್ಷ ನಾನು ನನ್ನ ಕಿವಿಯನ್ನೇ ಬೈದುಕೊಂಡೆ," ಎಂದಳು. ಪದವನ್ನು ಒಯ್ಯಲಿಲ್ಲ.

ಅವನು ಹಿಂದೆಯೇ ನಡೆದು ಬಸ್ ನಿಲ್ದಾಣದವರೆಗೆ ಹೋದ. ಕಲ್ಲುಬೆಂಚಿನ ಆ ತುದಿಗೆ ಅವಳು, ಈ ತುದಿಗೆ ಅವನು. ಬಸ್ಸು ಬಂತು, ಅವಳು ಹತ್ತಿದಳು. ಮರುವಾರ ಅವನು ಅವಳ ಊರಿಗೆ ಹೋಗಿ, ಅತ್ತೆಯನ್ನೂ ಮೈದುನನನ್ನೂ ಕೂರಿಸಿ, ಸದ್ದು ತನಗೆ ತಿಳಿದಿತ್ತು, ಈ ತಾಯಿಗೆ ತಿಳಿದಿರಲಿಲ್ಲ ಎಂದು ಹೇಳಿದ. ಮೈದುನ ಎದ್ದು ಹೊರಗೆ ಹೋದ. ಅತ್ತೆಗೆ ಅಷ್ಟರಲ್ಲಿ ಎಂಬತ್ತು ದಾಟಿತ್ತು. ಅವಳು ಎಲ್ಲ ಕೇಳಿ, "ಈಗ ಹೇಳಿದರೆ ಯಾರಿಗೆ ಏನು ಬಂತು?" ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, "ಊಟಕ್ಕಿಡು, ದೂರದಿಂದ ಬಂದಿದ್ದಾನೆ," ಎಂದಳು. ಆ ಮನೆಯಲ್ಲಿ ಆರು ವರ್ಷದ ಮೇಲೆ ಅತ್ತೆ ಸೊಸೆಯ ಮುಖ ನೋಡಿ ಆಡಿದ ಮಾತು ಅದು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮಡಿವಾಳಯ್ಯ ಕೇಳಿದ.

"ಗುರುಗಳೇ, ಅವನ ಹೆಡ್‌ಫೋನಿನಲ್ಲಿ ಕೊರತೆಯಿರಲಿಲ್ಲ. ಫೈಲೂ ಪೂರ್ತಿಯಿತ್ತು. ಕಿವಿಯೂ ಚುರುಕಾಗಿತ್ತು. ಹಾಗಾದರೆ ಅವನಿಗೆ ತಪ್ಪಿಹೋದದ್ದು ಏನು?"

"ಆ ಉಸಿರನ್ನು ಅಷ್ಟು ಚೆನ್ನಾಗಿ ಕೇಳಿದವನು, 'ಯಾಕಣ್ಣಾ, ಮೈಗೆ ಹುಷಾರಿಲ್ಲವೇ?' ಎಂದು ಒಂದು ಮಾತು ಕೇಳಲಿಲ್ಲ."