ಬಾಣಂತಿ ಮದ್ದಿನ ಮನೆ

ಕರೆಕಲ್ಲು ದುರ್ಗದ ಎರಡನೆಯ ಬಾಗಿಲು ದಾಟಿ ಎಡಕ್ಕೆ ಹೊರಳಿದರೆ, ಎರಡು ದೊಡ್ಡ ಬಂಡೆಗಳ ನಡುವೆ ನೆಲದೊಳಕ್ಕೆ ಇಳಿದಿರುವ ಕಲ್ಲಿನ ಕೋಣೆಯೊಂದು ಸಿಗುತ್ತದೆ. ಬಾಗಿಲು ಬಲು ಗಿಡ್ಡ. ಎಂಥ ದೊಡ್ಡ ಮನುಷ್ಯನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಮಳೆಗಾಲದಲ್ಲಿ ಗುಡ್ಡವೆಲ್ಲ ಜಿನುಗುತ್ತಿದ್ದರೂ ಇದರ ಗೋಡೆ ಮುಟ್ಟಿ ನೋಡಿದರೆ ಕೈಗೆ ಪಸೆ ಹತ್ತುವುದಿಲ್ಲ. ಸುತ್ತಿನ ಹಳ್ಳಿಯವರು ಇದನ್ನು ಬಾಣಂತಿ ಮದ್ದಿನ ಮನೆ ಎನ್ನುತ್ತಾರೆ. ಹೆಸರು ಕೇಳಿದ ಪ್ರವಾಸಿಗರು, ಹಿಂದಿನ ರಾಣಿಯರ ಬಾಣಂತನಕ್ಕೆ ಬೇಕಾದ ಶುಂಠಿ, ಮೆಣಸು, ಲೇಹ್ಯಗಳನ್ನು ಇಲ್ಲಿ ಇಡುತ್ತಿದ್ದರೇನೋ ಎಂದುಕೊಂಡು, ಬಾಗಿಲ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಇಳಿದುಹೋಗುತ್ತಾರೆ. ಪಾಪ, ತಪ್ಪು ಅವರದಲ್ಲ. ಕಾಯಿಲೆಗೆ ಕುಡಿಸುವುದಕ್ಕೂ ತೋಪಿಗೆ ತುಂಬುವುದಕ್ಕೂ ಮದ್ದು ಎಂಬ ಒಂದೇ ಹೆಸರಿಟ್ಟು ಕೂತವರು ನಾವು. ಈ ಕೋಣೆಯಲ್ಲಿ ಇದ್ದದ್ದು ತೋಪಿನ ಮದ್ದು.

ಹಿಂದೆ ಒಮ್ಮೆ, ಹಾಲಪ್ಪನಾಯಕನೆಂಬ ಪಾಳೆಯಗಾರ ಈ ದುರ್ಗವನ್ನು ಆಳುತ್ತಿದ್ದಾಗ, ಮದ್ದಿನ ಮನೆಯ ಕಾವಲು ಕಾಟಯ್ಯ ಎಂಬವನದಾಗಿತ್ತು. ಕಾವಲು ಎಂದರೆ ಈಟಿ ಹಿಡಿದು ಬಾಗಿಲಲ್ಲಿ ತೂಕಡಿಸುವ ಕೆಲಸವೆಂದು ತಿಳಿಯಬೇಡಿ. ನೆಲದಡಿಯ ಕೋಣೆಯಲ್ಲಿ ಮದ್ದಿಗೆ ಕಳ್ಳರ ಭಯಕ್ಕಿಂತ ಥಂಡಿಯ ಭಯ ದೊಡ್ಡದು. ಪೆಟ್ಲುಪ್ಪು ಬೆರೆತ ಆ ಕರಿಯ ಪುಡಿ ಗಾಳಿಯಲ್ಲಿನ ಪಸೆಯನ್ನು ಹೀರಿಕೊಂಡು, ಗಂಟುಕಟ್ಟಿ, ಬೇಕಾದ ಹೊತ್ತಿಗೆ ಹೊತ್ತಿಕೊಳ್ಳದೆ ಬುಸ್ಸೆಂದು ಹೊಗೆಯುಗುಳಿ ಸುಮ್ಮನಾಗುತ್ತದೆ. ಅದಕ್ಕೇ ಕಾಟಯ್ಯ ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಜೋಡಿಸುತ್ತಿದ್ದ; ಪಸೆ ಹೀರಲೆಂದು ಮೂಲೆಮೂಲೆಗೆ ಸುಟ್ಟ ಸುಣ್ಣದ ಮಡಕೆ ಇಟ್ಟು, ಸುಣ್ಣ ಅರಳಿ ಪುಡಿಯಾದಾಗ ಬದಲಿಸುತ್ತಿದ್ದ; ಮಲಗಿದ ಮಗುವನ್ನು ಮಗ್ಗುಲು ಬದಲಿಸುವಂತೆ ಚೀಲಗಳನ್ನು ಆಗಾಗ ಹೊರಳಿಸುತ್ತಿದ್ದ. ಬಿಸಿಲು ಬಿದ್ದ ದಿನ ಎಲ್ಲವನ್ನೂ ಹೊರಗಿನ ಬಂಡೆಯ ಮೇಲೆ ಹರಡಿ, ತಾನೂ ಪಕ್ಕದಲ್ಲೇ ಕೂತು ಒಣಗುತ್ತಿದ್ದ. ಕಿಡಿಯ ಭಯಕ್ಕೆ ಒಳಗೆ ದೀಪವಿಲ್ಲ, ಕಾಲಿಗೆ ಮೊಳೆ ಹೊಡೆದ ಮೆಟ್ಟೂ ಇಲ್ಲ. ಬಾಗಿಲಿಂದ ಬಂದಷ್ಟು ಬೆಳಕಿನಲ್ಲೇ ಎಲ್ಲ ಕೆಲಸ. ಸ್ವತಃ ದೊರೆ ಬಂದರೂ ಹೊಸ್ತಿಲಾಚೆಯೇ ಮೆಟ್ಟು ಬಿಡಬೇಕಿತ್ತು.

ಯಾರಾದರೂ ಕೆಲಸ ಹೇಗೆ ಸಾಗಿದೆ ಎಂದು ಕೇಳಿದರೆ, ನಮ್ಮ ಬಾಣಂತಿ ಬೆಚ್ಚಗಿದ್ದಾಳೆ ಎನ್ನುವುದು ಕಾಟಯ್ಯನ ವಾಡಿಕೆ. ದುರ್ಗದವರು ನಗುತ್ತಿದ್ದರು. ಆ ಮಾತು ಅವನಿಗೆ ಎಲ್ಲಿಂದ ಬಂತೆಂದು ಬಲ್ಲವರು ಮಾತ್ರ ನಗುತ್ತಿರಲಿಲ್ಲ. ಅವನ ಹೆಂಡತಿ ಚೊಚ್ಚಲ ಬಾಣಂತನದಲ್ಲಿ ಶೀತ ನೆತ್ತಿಗೇರಿ ತೀರಿಕೊಂಡಿದ್ದಳು. ಉಳಿದ ಹಸುಗೂಸು ಪಾಲಮ್ಮನನ್ನು ಬೆನ್ನಿಗೆ ಕಟ್ಟಿಕೊಂಡೇ ಅವನು ಮದ್ದು ಒಣಗಿಸಿದ. ಮಗಳು ಬುದ್ಧಿ ಬಂದ ಮೇಲೆ, ಅಪ್ಪಯ್ಯನಿಗೆ ನನಗಿಂತ ಆ ಬಾಣಂತಿಯೇ ಹೆಚ್ಚು ಎಂದು ಮುನಿಸಿಕೊಳ್ಳುತ್ತಿದ್ದಳಂತೆ. ಹೆಂಡತಿಗೆ ತಾಗಿದ ಥಂಡಿ ಇನ್ನೊಂದು ಸಲ ತನ್ನ ಹೊಸ್ತಿಲು ದಾಟಕೂಡದೆಂಬ ಹಟವನ್ನು ಮಗಳಿಗೆ ಬಿಡಿಸಿ ಹೇಳಲು ಕಾಟಯ್ಯನಿಗೆ ಮಾತು ಸಾಲುತ್ತಿರಲಿಲ್ಲ.

ಪಾಲಮ್ಮ ಮದುವೆಯಾಗಿ ಬಯಲುಸೀಮೆಯ ಹಳ್ಳಿಯೊಂದಕ್ಕೆ ಹೋದಳು; ಮೊದಲ ಹೆರಿಗೆಗೆಂದು ರೂಢಿಯಂತೆ ತವರಿಗೆ ಬಂದಳು. ಅವಳು ಬೆಟ್ಟ ಹತ್ತಿದ ಕೆಲವೇ ದಿನಕ್ಕೆ ಬಡಗಣ ದೊಡ್ಡ ದೊರೆಯೊಬ್ಬನ ದಂಡು ಬಂದು ದುರ್ಗವನ್ನು ಮುತ್ತಿತು. ಹಿಂದೆಯೇ ಮಳೆಯೂ ಹಿಡಿಯಿತು. ಮೇಲಿನ ಊರಿನ ಹುಲ್ಲಿನ ಸೂರುಗಳು ವೈರಿಯ ಬೆಂಕಿಬಾಣಕ್ಕೆ ಮೊದಲೇ ಸುಟ್ಟುಹೋಗಿದ್ದವು. ಅರಮನೆಯ ಮಣ್ಣಿನ ಮಾಳಿಗೆ ತೋಪಿನ ಗುಂಡಿಗೆ ಬಿರಿದು ಸೋರುತ್ತಿತ್ತು. ಜನ ಬಂಡೆಯ ಮರೆಗಳಲ್ಲಿ ಗೋಣಿ ಹೊದ್ದು ಕೂತಿದ್ದರು. ಅಂಥದೊಂದು ಬಂಡೆಯ ಮರೆಯಲ್ಲಿ, ಜಡಿಮಳೆಯ ಒಂದು ಮಧ್ಯಾಹ್ನ ಪಾಲಮ್ಮ ಹೆಣ್ಣು ಹೆತ್ತಳು.

ಹೆರಿಗೆ ಮಾಡಿಸಿದ ಸೂಲಗಿತ್ತಿ ತಿಪ್ಪವ್ವ ಮದ್ದಿನ ಮನೆಯ ಬಾಗಿಲಿಗೆ ಬಂದು ನಿಂತಾಗ, ಕಾಟಯ್ಯ ಒಳಗೆ ಸುಣ್ಣದ ಮಡಕೆ ಬದಲಿಸುತ್ತಿದ್ದ. ಹೆರಿಗೆಯ ಜಾಗಕ್ಕೆ ಗಂಡಸು ಹೋಗುವಂತಿಲ್ಲವಾದ್ದರಿಂದ ಕೈಗೆ ಕೆಲಸ ಹಚ್ಚಿಕೊಂಡು ಕಿವಿಯನ್ನೆಲ್ಲ ಹೊರಗಿಟ್ಟಿದ್ದ.

"ಕಾಟಣ್ಣ, ಕೂಸು ಗಟ್ಟಿ ಐತೆ" ಎಂದಳು ತಿಪ್ಪವ್ವ. "ತಾಯಿ ಮೈ ತಣ್ಣಗಾಗ್ತಾ ಐತೆ, ಹಲ್ಲು ಕಚ್ಕಂಡವ್ಳೆ. ಒಣ ಜಾಗ ಬೇಕು, ಬೆಂಕಿ ಬೇಕು. ಇಲ್ದಿದ್ರೆ ಅವ್ರವ್ವನ ದಾರಿನೇ."

ಇಡೀ ದುರ್ಗದಲ್ಲಿ ಒಣಗಿದ್ದ ಜಾಗ ಒಂದೇ. ಅದನ್ನು ಒಣಗಿಸಿಟ್ಟವನು ಅವನೇ. ಆದರೆ ಅಲ್ಲಿ ಬೆಂಕಿ ಹಚ್ಚುವುದೆಂದರೆ ಗುಡ್ಡವನ್ನೇ ಹಾರಿಸಿದಂತೆ. ಮದ್ದನ್ನು ಹೊರಗೆ ಹಾಕಿದರೆ ಆ ಮಳೆಯಲ್ಲಿ ಅದು ಕೆಸರು. ನಾಳೆ ವೈರಿ ಏಣಿ ಹಚ್ಚಿದರೆ ತೋಪಿನ ಬಾಯಿಗೆ ಹಾಕಲು ಹಿಡಿ ಮದ್ದೂ ಇರುವುದಿಲ್ಲ. ದೊರೆಯನ್ನು ಕೇಳೋಣವೆಂದರೆ, ಅವನು ಬೇಡವೆಂದರೆ ಆ ಮಾತನ್ನೂ ಮೀರಬೇಕಾಗುತ್ತದೆ. ಕಾಟಯ್ಯ ಕೇಳಲು ಹೋಗಲಿಲ್ಲ. ಕೈಯಲ್ಲಿದ್ದ ಸುಣ್ಣದ ಮಡಕೆಯನ್ನು ಕೆಳಗಿಟ್ಟು, ಮೊದಲ ಚೀಲವನ್ನು ಹೆಗಲಿಗೇರಿಸಿದ.

ಹೊರಗಿಟ್ಟ ಚೀಲಗಳಿಗೆ ತೊಗಲು ಹೊದಿಸಿ ನೋಡಿದ. ಅಡ್ಡಮಳೆ ತೊಗಲಿಗೆ ಬಗ್ಗಲಿಲ್ಲ. ವರ್ಷಗಟ್ಟಲೆ ಕಾಪಾಡಿದ ಮದ್ದು ಅವನ ಕಣ್ಣೆದುರೇ ಕರಿಯ ನೀರಾಗಿ ಬಂಡೆಯ ಮೇಲಿಂದ ಇಳಿಯಿತು. ಅವನಿಗೆ ಅಳು ಬಂತು ಎನ್ನುತ್ತಾರೆ. ಆ ಮಳೆಯಲ್ಲಿ ಅದನ್ನು ಕಂಡವರು ಯಾರೋ, ಗೊತ್ತಿಲ್ಲ. ಕೋಣೆ ಬರಿದಾದ ಮೇಲೆ, ನೀರಿನ ಒಂದು ಹನಿಯನ್ನೂ ಒಳಗೆ ಬಿಡದಿದ್ದ ಅದೇ ಮನುಷ್ಯ ಕೊಡಗಟ್ಟಲೆ ನೀರು ಸುರಿದು, ನೆಲದ ಸಂದುಸಂದಿನ ಪುಡಿಯನ್ನೂ ತೊಳೆದ. ಬಟ್ಟೆಯಿಂದ ಒರೆಸಿ, ಮಡಕೆಗಳ ಸುಣ್ಣದ ಪುಡಿಯನ್ನು ಮೇಲೆ ಹರಡಿದ. ಚೀಲಗಳ ಅಡಿಯಲ್ಲಿದ್ದ ಹಲಗೆಗಳನ್ನು ಉಜ್ಜಿ ಒರೆಸಿ ಸೀಳಿದ. ಅವುಗಳಿಗಿಂತ ಒಣಗಿದ ಸೌದೆ ದುರ್ಗದಲ್ಲಿ ಇರಲಿಲ್ಲ. ಆಮೇಲೆ ಎಲ್ಲರನ್ನೂ ದೂರದ ಬಂಡೆಯ ಹಿಂದಕ್ಕೆ ಕಳಿಸಿ, ತಿಪ್ಪವ್ವನ ಕೆಂಡದ ಮಡಕೆ ಹಿಡಿದು ಒಬ್ಬನೇ ಒಳಗೆ ಹೋದ. ಎಲ್ಲಾದರೂ ಒಂದು ಚಿಟಿಕೆ ಉಳಿದಿದ್ದರೆ ಅದು ತನಗೇ ಆಗಲಿ ಎಂದು. ಸ್ವಲ್ಪ ಹೊತ್ತಿನ ಮೇಲೆ ಗಾಳಿಕಿಂಡಿಯಲ್ಲಿ ತೆಳ್ಳಗೆ ಹೊಗೆ ಎದ್ದಿತು. ಬಂಡೆಯ ಹಿಂದಿದ್ದವರು ಆಗ ತಾಯಿಮಗುವನ್ನು ಎತ್ತಿಕೊಂಡು ಬಂದರು.

ಪಾಲಮ್ಮನನ್ನು ಬೆಂಕಿಯ ಮಗ್ಗುಲಿಗೆ ಮಲಗಿಸಿದ್ದನ್ನು ಕಂಡು, ಕಾಟಯ್ಯ ನೇರವಾಗಿ ದೊರೆಯ ಮುಂದೆ ಹೋಗಿ ನಿಂತ. ಅಷ್ಟರಲ್ಲಿ ಹೊಗೆ ನೋಡಿದ ದಳವಾಯಿ ಅಲ್ಲಿ ಕೆಂಡವಾಗಿದ್ದ. ಹಾಲಪ್ಪನಾಯಕ ಕರುಣೆಯುಳ್ಳವನು. ತನ್ನ ಮನುಷ್ಯನಿಗೆ ತಪ್ಪಿಸಿಕೊಳ್ಳಲು ದಾರಿಯೊಂದನ್ನು ಬಿಟ್ಟುಕೊಟ್ಟು, ಈ ಮಳೆಗೆ ಒಳಗೆಲ್ಲ ಥಂಡಿ ಹಿಡಿದು ಮದ್ದು ಕೆಟ್ಟಿತೇನೋ, ಅದಕ್ಕೇ ಹೊರಗೆ ಚೆಲ್ಲಿದೆಯೇನೋ ಎಂದು ಕೇಳಿದ. ಹೌದೆಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನೆಲದಡಿಯ ಮದ್ದು ಕೆಡುವುದು ಯಾವ ಕೋಟೆಯಲ್ಲೂ ಹೊಸತಲ್ಲ. ಕಾಟಯ್ಯ ತಲೆಯಾಡಿಸಿದ.

"ನನ್ ಕ್ವಾಣೆಗೆ ಥಂಡಿ ಬರಲಿಲ್ಲ ಬುದ್ಧಿ. ಮದ್ದು ಚೆನ್ನಾಗೇ ಇತ್ತು. ನಾನೇ ಹೊರಗೆ ಹಾಕ್ದೆ. ಒಳಗಿರೋರು ಉಳೀಲಿ ಅಂತ್ಲೇ ಅಲ್ವಾ ಅದನ್ನ ಇಟ್ಟಿದ್ದು? ಒಳಗೊಬ್ಳು ಉಳದವ್ಳೆ."

ದೊರೆ ಎದ್ದು ಮದ್ದಿನ ಮನೆಗೆ ನಡೆದ; ಕಾಟಯ್ಯನೂ ದಳವಾಯಿಯೂ ಹಿಂದೆಯೇ ಬಂದರು. ಅಭ್ಯಾಸದಂತೆ ಹೊಸ್ತಿಲಾಚೆ ಮೆಟ್ಟು ಬಿಟ್ಟು, ತಲೆ ಬಗ್ಗಿಸಿ ಇಣುಕಿದ. ಎಂದೂ ದೀಪ ಕಾಣದ ಆ ಗೋಡೆಗಳ ಮೇಲೆ ಬೆಂಕಿಯ ಕೆಂಪು ಆಡುತ್ತಿತ್ತು. ಪಾಲಮ್ಮನ ಮುಖಕ್ಕೆ ಬಣ್ಣ ಬಂದಿತ್ತು. ಕೂಸು ಹಾಲು ಕುಡಿಯುತ್ತ ಎದೆಗೆ ಅಂಟಿಕೊಂಡಿತ್ತು. ದೊರೆ ಅಲ್ಲೇ ತಿರುಗಿ ನಿಂತು, ಕಾಟಯ್ಯ ಕಾಯಬೇಕಾದ ಮದ್ದು ಇನ್ನಿಲ್ಲ, ಆ ಕೆಲಸ ಇವತ್ತಿಗೆ ಹೋಯಿತು ಎಂದ. ದಳವಾಯಿ ಕತ್ತಿಯ ಹಿಡಿಗೆ ಕೈಯಿಟ್ಟ.

"ಇವತ್ತಿಂದ ನೀನು ಈ ಬೆಂಕಿ ಕಾಯಿ" ಎಂದ ದೊರೆ. "ಬಾಣಂತನ ಮುಗಿಯೋವರೆಗೂ ಆರಬಾರದು. ಆರಿದ್ರೆ ನಿನ್ನ ತಲೆ ಕೇಳ್ತೀನಿ."

ಮರುದಿನ ಹಾಲಪ್ಪನಾಯಕ ಸಂಧಿಗೆ ಆಳು ಕಳಿಸಿದ. ಸಂಧಿ ಪುಕ್ಕಟೆ ಆಗಲಿಲ್ಲ; ಹೊಳೆದಂಡೆಯ ಎರಡು ಒಳ್ಳೆಯ ಊರುಗಳು ಕೈಬಿಟ್ಟವು. ದಳವಾಯಿ ಸಾಯುವ ತನಕ, ತೋಪು ಯಾಕೆ ಹಾರಲಿಲ್ಲವೆಂದು ಕೇಳಿದವರಿಗೆಲ್ಲ, ನಮ್ಮ ಮದ್ದನ್ನು ಬಾಣಂತಿಗೆ ಕೊಟ್ಟೆವು ಎಂದು ಮೂತಿ ತಿರುವುತ್ತಿದ್ದನಂತೆ. ಕೊಂಕಿಗೆ ಹುಟ್ಟಿದ ಆ ಮಾತೇ ಜನರ ಬಾಯಲ್ಲಿ ಮೆತ್ತಗಾಗಿ ಕೋಣೆಯ ಹೆಸರಾಯಿತು. ಅಲ್ಲಿ ಮತ್ತೆ ತೋಪಿನ ಮದ್ದು ಇಡಲಿಲ್ಲ. ದುರ್ಗದ ಹೆಂಗಸರು ಮಳೆಗಾಲದ ಬಾಣಂತನಗಳಿಗೆಲ್ಲ ಅಲ್ಲಿಗೇ ಬಂದರು, ಬೆಂಕಿ ಕಾಯಲು ಕಾಟಯ್ಯ ಇದ್ದೇ ಇದ್ದ. ಆ ಮೊದಲ ಕೂಸಿನ ಹೆಸರೇನು, ಯಾವ ಊರಿಗೆ ಸೊಸೆಯಾಗಿ ಹೋಯಿತು ಎಂಬುದು ಈಗ ಯಾರಿಗೂ ನೆನಪಿಲ್ಲ.

ಇಂದು ಹೋದರೆ, ಬಾಗಿಲ ಹೊರಗಿನ ಬಂಡೆಯ ಮೇಲೆ ಉದ್ದನೆಯ ಕರಿಯ ಪಟ್ಟೆ ಕಾಣುತ್ತದೆ. ಕಾಟಯ್ಯನ ಮದ್ದು ಹರಿದ ಗುರುತು ಎನ್ನುತ್ತಾರೆ. ಮಳೆನೀರು ಇಳಿಯುವ ಬಂಡೆಗಳ ಮೇಲೆಲ್ಲ ಅಂಥ ಪಟ್ಟೆ ಇರುತ್ತದೆ, ನಿಜ. ಅದನ್ನು ಅಲ್ಲಿನ ಮುದುಕಿಯರ ಮುಂದೆ ಹೇಳಿ ಬೈಸಿಕೊಳ್ಳುವುದು ಬೇಡ. ಆದರೆ ಒಳಗೆ ಹೋಗಿ ಒಮ್ಮೆ ತಲೆಯೆತ್ತಿ ನೋಡಬೇಕು. ಕಿಡಿಗೆ ಹೆದರಿ ದೀಪವನ್ನೂ ತರದಿದ್ದ ಕೋಣೆಯ ಸೂರಿನಲ್ಲಿ, ಗಾಳಿಕಿಂಡಿಯ ಕೆಳಗೆ, ಒಲೆಯ ಮಸಿ ದಪ್ಪಗೆ ಕಟ್ಟಿದೆ. ಮೊಮ್ಮಗುವನ್ನು ಮೊದಲ ಸಲ ಹೊರಗೆ ಕರೆತಂದ ಅಜ್ಜಿಯರು ಈಗಲೂ ಗುಡ್ಡ ಹತ್ತಿ ಬಂದು, ತುದಿಗಾಲಲ್ಲಿ ನಿಂತು ಬೆರಳಿಗೆ ಆ ಮಸಿ ತಗುಲಿಸಿಕೊಂಡು, ಮಗುವಿನ ಕೆನ್ನೆಗೊಂದು ದೃಷ್ಟಿಬೊಟ್ಟು ಇಡುತ್ತಾರೆ. ಒಳಗೆ ಹೋಗುವ ಮುನ್ನ ಚಪ್ಪಲಿ ಹೊರಗೆ ಬಿಡುತ್ತಾರೆ.